ಒಂಟಿ ಬಿಟ್ಟರೆ ಕಿರುಚುವ ಗಿಳಿ: ತಪ್ಪು ಎಲ್ಲಿದೆ ಅಂತ ಹುಡುಕುವ ಬಗೆ

"ನಿಮ್ ಗಿಣಿ ಬೆಳಗ್ಗಿಂದ ಬಡ್ಕೊಳ್ತಾ ಐತೆ ಕಣಮ್ಮ. ಒಂದು ಗಳಿಗೆ ಕಣ್ಣು ಮುಚ್ಚಂಗಿಲ್ಲ."

ಮಹಡಿ ಮನೆ ಅಜ್ಜಿ ಗೇಟಿನ ಹತ್ತಿರ ನಿಲ್ಲಿಸಿಕೊಂಡು ಹೀಗೆ ಹೇಳಿದಾಗ ರಾತ್ರಿ ಎಂಟು ಗಂಟೆ. ನಾನು ಬೆಂಗಳೂರಿನಿಂದ ಬಂದು ತುಮಕೂರಲ್ಲಿ ರೈಲು ಇಳಿದು, ಸ್ಕೂಟರ್ ನಿಲ್ಲಿಸಿ ಇನ್ನೂ ಹೆಲ್ಮೆಟ್ ಕೂಡ ತೆಗೆದಿರಲಿಲ್ಲ. ಒಳಗೆ ಒಬ್ಬಟ್ಟು ನನ್ನ ಗಾಡಿ ಸದ್ದು ಕೇಳಿ ಆಗಲೇ ಶುರು ಮಾಡಿತ್ತು. ಒಬ್ಬಟ್ಟು ಅಂದರೆ ನಮ್ಮ ಸನ್ ಕೊನ್ಯೂರ್ ಗಿಳಿ. ಅರಿಶಿನ ಜಾಸ್ತಿ ಬಿದ್ದ ಒಬ್ಬಟ್ಟಿನ ಬಣ್ಣ, ಅದಕ್ಕೇ ಆ ಹೆಸರು. ತೂಕ 110 ಗ್ರಾಂ. ಗಂಟಲು ಮಾತ್ರ ಕುಕ್ಕರ್ ವಿಷಲ್‌ಗೆ ಸಡ್ಡು ಹೊಡೆಯುತ್ತೆ.

ಮನೆಯಿಂದಲೇ ಕೆಲಸ ಮಾಡುತ್ತಿದ್ದಾಗ ತಂದ ಹಕ್ಕಿ ಅದು. ಎರಡು ವರ್ಷ ನನ್ನ ಲ್ಯಾಪ್‌ಟಾಪ್ ಪಕ್ಕದಲ್ಲೇ ಬೆಳೆಯಿತು. ಆಮೇಲೆ ಆಫೀಸಿಗೆ ಬನ್ನಿ ಅಂದರು. ಈಗ ನಾನು ಬೆಳಗ್ಗೆ 6ಕ್ಕೆ ಮನೆ ಬಿಡುತ್ತೇನೆ. ನಮ್ಮ ಮನೆಯವರು 8:15ಕ್ಕೆ ವಸಂತನರಸಾಪುರದ ಕಡೆ ಕೆಲಸಕ್ಕೆ ಹೊರಡುತ್ತಾರೆ, ಸಂಜೆ 6ಕ್ಕೆ ವಾಪಸ್. ನಡುವಿನ ಹತ್ತು ಗಂಟೆ ಒಬ್ಬಟ್ಟು ಒಂದೇ.

ಆರು ವಾರ ಕೈಗೆ ಸಿಕ್ಕಿದ್ದನ್ನೆಲ್ಲ ಮಾಡಿದೆವು. ಪಂಜರದ ಮೇಲೆ ಬೆಡ್‌ಶೀಟ್ ಹೊದಿಸಿದೆವು, ಕತ್ತಲಲ್ಲಿ ಇನ್ನೂ ಗಾಬರಿಯಾಗಿ ಅರಚಿತು. ಕನ್ನಡಿ ತೂಗುಹಾಕಿದೆವು, ಕನ್ನಡಿ ಜೊತೆ ಜಗಳ ಶುರುವಾಯಿತು. ಟೀವಿ ಹಾಕಿಟ್ಟು ಹೋದೆವು. ಕರೆಂಟ್ ಹೋದಾಗ ಟೀವಿ ನಿಂತರೆ ಅದೇ ಒಂದು ಹೊಸ ಕಾರಣ ಆಯಿತು. ರಜೆ ದಿನ ಕಿರುಚಿದರೆ ನಾನು ಅಡುಗೆಮನೆಯಿಂದಲೇ "ಸುಮ್ನಿರೋ!" ಅಂತ ಕೂಗುತ್ತಿದ್ದೆ. ಅದಕ್ಕೆ ಅದೊಂದು ಸಂತೋಷ. ನಾನೂ ಕಿರುಚುತ್ತಿದ್ದೇನಲ್ಲ, ಇಬ್ಬರೂ ಸೇರಿ ಕಿರುಚೋಣ ಅಂತ.

ಏನೂ ಆಗಲಿಲ್ಲ. ಯಾಕೆಂದರೆ ಯಾವ ಕೂಗಿಗೆ ಔಷಧಿ ಹಾಕುತ್ತಿದ್ದೇವೆ ಅಂತ ನಮಗೇ ಗೊತ್ತಿರಲಿಲ್ಲ. ಆಮೇಲೆ ಕೂತು ಕಾರಣ ಹುಡುಕಿದ ಕ್ರಮ ಇದು. ಕಾಕಟೀಲ್, ಲವ್‌ಬರ್ಡ್, ಆಫ್ರಿಕನ್ ಗ್ರೇ ಇದ್ದವರಿಗೂ ಇದೇ ಕ್ರಮ ಆಗುತ್ತೆ.

ಪಂಜರದಲ್ಲಿರೋದು ನಮ್ಮ ತೋಟಗಳ ಹಸಿರು ಗಿಳಿಯಾದರೆ ಮಾತ್ರ ಬೇರೆ ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ದೇಶದ ಗಿಳಿಗಳನ್ನು ಮನೆಯಲ್ಲಿ ಸಾಕುವಂತಿಲ್ಲ. ಅರಣ್ಯ ಇಲಾಖೆಗೆ ತಿಳಿಸಿ. ನೀವೇ ಬಾಗಿಲು ತೆಗೆದು ಹಾರಿಸಬೇಡಿ, ಪಂಜರದಲ್ಲೇ ಬೆಳೆದದ್ದಕ್ಕೆ ಹದ್ದು, ಬೆಕ್ಕು ಯಾವುದೂ ಗೊತ್ತಿರುವುದಿಲ್ಲ. ವಿದೇಶಿ ಗಿಳಿಗಳಲ್ಲೂ ಸನ್ ಕೊನ್ಯೂರ್, ಆಫ್ರಿಕನ್ ಗ್ರೇ ಥರದವನ್ನು 2024ರ ನಿಯಮದಂತೆ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಕಾಕಟೀಲ್, ಬಜರಿಗರ್ (ಬಡ್ಜಿ) ಗಿಳಿಗಳಿಗೆ ಈ ಗೋಜಿಲ್ಲ. ಕಿರುಚುವ ಹಕ್ಕಿ ಇದ್ದ ಮನೆಗೆ ಇವತ್ತಲ್ಲ ನಾಳೆ ದೂರು ಬರುತ್ತೆ. ಆಗ ಮೊದಲು ಕೇಳೋದು ಕಾಗದ.

ಮೊದಲು ಕಾಯಿಲೆ ನೋಡಿ

ಸುಮ್ಮನಿದ್ದ ಹಕ್ಕಿ ದಿಢೀರ್ ಅಂತ ಕಿರುಚಲು ಶುರು ಮಾಡಿದರೆ ನೋವಿರಬಹುದು. ಆದರೆ ಗಿಳಿಗಳು ಕಾಯಿಲೆ ಮುಚ್ಚಿಡುವುದರಲ್ಲಿ ಗಟ್ಟಿಗರು. ಕಾಡಿನಲ್ಲಿ ಸೋತಂತೆ ಕಂಡದ್ದನ್ನೇ ಹದ್ದು ಮೊದಲು ಎತ್ತೋದು. ಹಗಲೆಲ್ಲ ಪುಕ್ಕ ಉಬ್ಬಿಸಿಕೊಂಡು ಕೂರುವುದು, ಪಂಜರದ ತಳದಲ್ಲಿ ಕೂರುವುದು, ಉಸಿರಾಡುವಾಗ ಬಾಲ ಮೇಲೆ ಕೆಳಗೆ ಆಡುವುದು, ಹಿಕ್ಕೆಯ ಬಣ್ಣ ಬದಲಾಗುವುದು, ತನ್ನ ಪುಕ್ಕ ತಾನೇ ಕಿತ್ತುಕೊಳ್ಳುವುದು. ಇದರಲ್ಲಿ ಒಂದು ಕಂಡರೂ ಮುಂದಿನದನ್ನು ಓದುವುದು ಬಿಟ್ಟು ಡಾಕ್ಟರ್ ಹತ್ತಿರ ಹೋಗಿ.

ನನಗೆ ತುಂಬ ಉಪಯೋಗಕ್ಕೆ ಬಂದದ್ದು ಅಡುಗೆಮನೆಯ ಗ್ರಾಂ ತಕ್ಕಡಿ. ವಾರಕ್ಕೊಂದು ಸಲ, ಬೆಳಗ್ಗೆ ತಿಂಡಿ ಹಾಕುವ ಮೊದಲು ತೂಕ. ಹತ್ತರಲ್ಲಿ ಒಂದು ಪಾಲು ಇಳಿದರೆ, ಅಂದರೆ ಒಬ್ಬಟ್ಟಿನ ಲೆಕ್ಕದಲ್ಲಿ 11 ಗ್ರಾಂ, ಕಾಯಬಾರದು. ನಮ್ಮ ಕಡೆ ಪಶುವೈದ್ಯರೆಂದರೆ ಹೆಚ್ಚಾಗಿ ಹಸು, ಕುರಿ, ನಾಯಿ ನೋಡುವವರು. ಗಿಳಿ ನೋಡುತ್ತೀರಾ ಅಂತ ಫೋನಿನಲ್ಲೇ ಕೇಳಿಕೊಂಡು ಹೋಗುವುದು ಒಳ್ಳೆಯದು. ನಾವು ಬೆಂಗಳೂರಿಗೇ ಹೋದೆವು. ಕಾಯಿಲೆ ಇರಲಿಲ್ಲ. "ಬರೀ ಸೂರ್ಯಕಾಂತಿ ಬೀಜ ತಿನ್ನಿಸ್ತಾ ಇದ್ದೀರಲ್ಲ" ಅಂತ ಬೈಸಿಕೊಂಡು ಬಂದೆವು. ಆ ಬೀಜದಲ್ಲಿ ಕೊಬ್ಬು ಜಾಸ್ತಿ, ಎ ಜೀವಸತ್ವ ಕಡಿಮೆ. ಅವತ್ತಿಂದ ನುಗ್ಗೆ ಸೊಪ್ಪು, ಕ್ಯಾರೆಟ್, ಸಿಹಿಗುಂಬಳ.

ಹಳೇ ಫೋನು, ನಾಲ್ಕು ಕಾಲಂ

ಒಂಟಿ ಇದ್ದಾಗ ಕಿರುಚುತ್ತೆ ಅನ್ನೋದು ಬೇರೆಯವರು ಹೇಳಿದ ಮಾತು. ನೀವು ನೋಡಿಲ್ಲ, ನೋಡೋಕೆ ನೀವು ಅಲ್ಲಿರೋದೂ ಇಲ್ಲ. ಹಾಗಾಗಿ ಪರದೆ ಒಡೆದ ಹಳೇ ಫೋನನ್ನು ಚಾರ್ಜರಿಗೆ ಸಿಕ್ಕಿಸಿ, ರಾಗಿ ಹಿಟ್ಟಿನ ಡಬ್ಬದ ಹಿಂದೆ ಇಟ್ಟು, ರೆಕಾರ್ಡ್ ಮಾಡಿಟ್ಟು ಹೋದೆ. ಮೊದಲ ದಿನ ಮೆಮೊರಿ ತುಂಬಿ ಮಧ್ಯಾಹ್ನವೇ ನಿಂತುಹೋಯಿತು. ವಿಡಿಯೊ ಗುಣಮಟ್ಟ ಕಡಿಮೆ ಮಾಡಿದ ಮೇಲೆ ಮೂರು ದಿನದ್ದು ಪೂರ್ತಿ ಸಿಕ್ಕಿತು.

ರಾತ್ರಿ ಕೂತು ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಹಾಕಿದೆ. ಎಷ್ಟೊತ್ತಿಗೆ. ಎಷ್ಟು ಹೊತ್ತು. ಅದಕ್ಕೆ ಮುಂಚೆ ಏನಾಯ್ತು. ಆಮೇಲೆ ಹಕ್ಕಿಗೆ ಏನು ಸಿಕ್ತು.

ನಾಲ್ಕನೆಯದೇ ಮುಖ್ಯ. ಕೂಗಿ ಏನೂ ಸಿಗದಿದ್ದರೆ ಯಾವ ಪ್ರಾಣಿಯೂ ತಿಂಗಳುಗಟ್ಟಲೆ ಕೂಗುವುದಿಲ್ಲ. ಏನೋ ಸಿಗುತ್ತಿದೆ. ಅದು ಕಡಲೆಕಾಯಿ ಇರಬಹುದು, ಬೈಗುಳ ಇರಬಹುದು, ಕಿಟಕಿಯಲ್ಲಿ ಕಂಡ ಒಂದು ಮುಖವೂ ಇರಬಹುದು.

ಮೂರು ದಿನದ ಲೆಕ್ಕ ನೋಡಿ ನಮಗೇ ಆಶ್ಚರ್ಯ. ಬೆಳಗ್ಗಿಂದ ಸಂಜೆವರೆಗೆ ಕಿರುಚುವುದು ಸುಳ್ಳು. ಹತ್ತು ಗಂಟೆಯಲ್ಲಿ ಒಟ್ಟು ಒಂದೂವರೆ ಗಂಟೆ. ಮಿಕ್ಕ ಹೊತ್ತೆಲ್ಲ ತಿಂದಿದೆ, ಕೊಕ್ಕು ಉಜ್ಜಿದೆ, ಒಂದು ಕಾಲು ಎತ್ತಿಕೊಂಡು ತೂಕಡಿಸಿದೆ. ಆದರೆ ಆ ಒಂದೂವರೆ ಗಂಟೆ ನಾಲ್ಕು ಹೊತ್ತಿನಲ್ಲಿ ಹಂಚಿಹೋಗಿತ್ತು. ನಾಲ್ಕೂ ಬೇರೆ ಬೇರೆ ಕೂಗು.

8:16ರ ಕೂಗು

ನಮ್ಮ ಮನೆಯವರು ಬೀಗ ಹಾಕಿದ ಸದ್ದು. ಒಬ್ಬಟ್ಟು ಒಂದು ಸಲ ಮೆತ್ತಗೆ "ಚೀಪ್" ಅಂದಿತು. ಕತ್ತು ಓರೆ ಮಾಡಿ ಬಾಗಿಲ ಕಡೆ ಕಿವಿಗೊಟ್ಟು ಕಾದಿತು. ಹತ್ತು ಸೆಕೆಂಡ್. ಇನ್ನೊಂದು "ಚೀಪ್". ಮತ್ತೆ ಕಾದಿತು. ಮೂರನೆಯದು ಅರಚಾಟ. ಅಲ್ಲಿಂದ 38 ನಿಮಿಷ.

ಆ ಹತ್ತು ಸೆಕೆಂಡ್ ನೋಡಿ ನನಗೆ ಹೊಟ್ಟೆ ಚುರ್ ಅಂದಿತು. ಸನ್ ಕೊನ್ಯೂರ್‌ಗಳ ಮೂಲ ದಕ್ಷಿಣ ಅಮೆರಿಕದ ಗಯಾನಾ, ಉತ್ತರ ಬ್ರೆಜಿಲ್ ಕಡೆ. ಅಲ್ಲಿ ಇವು ಗುಂಪಿನಲ್ಲೇ ಬದುಕುವವು. ಮರದ ಎಲೆ ಮರೆಯಲ್ಲಿ ಒಂದಕ್ಕೊಂದು ಕಾಣದಾಗ "ಎಲ್ಲಿದ್ದೀಯ?" ಅಂತ ಕೂಗುತ್ತವೆ, ಇನ್ನೊಂದು "ಇಲ್ಲೇ" ಅನ್ನುತ್ತದೆ. ಉತ್ತರ ಬರದಿದ್ದರೆ ದನಿ ಏರಿಸುತ್ತವೆ. ಪಂಜರದ ಹಕ್ಕಿಗೆ ನಾವೇ ಗುಂಪು.

ಇದಕ್ಕೆ ಮೂರು ಕೆಲಸ ಮಾಡಿದೆವು. ಒಂದು ವಾರಕ್ಕೆ ಒಂದೇ ಬದಲಾವಣೆ. ಎಲ್ಲ ಒಟ್ಟಿಗೆ ಮಾಡಿದರೆ ಯಾವುದು ಕೆಲಸ ಮಾಡಿತು ಅಂತ ಗೊತ್ತಾಗುವುದಿಲ್ಲ.

ಮೊದಲನೆಯದು, ಮನೆಯಲ್ಲಿದ್ದಾಗ ಉತ್ತರ ಕೊಡುವುದು. ಒಬ್ಬಟ್ಟು ಮೆತ್ತಗೆ "ಚೀಪ್" ಅಂದರೆ ಯಾವ ರೂಮಿನಲ್ಲಿದ್ದರೂ ಕೂಡಲೇ ಎರಡು ಸ್ವರದ ಶಿಳ್ಳೆ ಹೊಡೆಯುತ್ತೇವೆ. ಅರಚಿದರೆ ಮಾತಿಲ್ಲ, ಕತೆಯಿಲ್ಲ, ಆ ಕಡೆ ನೋಡುವುದೂ ಇಲ್ಲ. ಮೂರು ವಾರಕ್ಕೆ ಅದೇ ಶಿಳ್ಳೆ ಹೊಡೆಯಲು ಕಲಿಯಿತು. ಈಗ ಕರೆಯಬೇಕಾದರೆ ಅದನ್ನೇ ಬಳಸುತ್ತೆ. ಕಿವಿಗೂ ಹಿತ.

ಎರಡನೆಯದು ಹೊರಡುವ ಅಭ್ಯಾಸ. ಹಕ್ಕಿಗೆ ನಾವು ಹೋಗುವುದು ಬಾಗಿಲು ಹಾಕಿದಾಗ ಗೊತ್ತಾಗುವುದಲ್ಲ, ಹೆಲ್ಮೆಟ್ ಎತ್ತಿದಾಗಲೇ ಗೊತ್ತು. ಊಟದ ಬ್ಯಾಗಿನ ಜಿಪ್ ಎಳೆದಾಗಲೇ ಗೊತ್ತು. ಭಾನುವಾರ ಪೂರ್ತಿ ಇದೇ ನಾಟಕ. ಹೆಲ್ಮೆಟ್ ಹಾಕಿಕೊಂಡು ಸೋಫಾ ಮೇಲೆ ಕೂತು ಪೇಪರ್ ಓದುವುದು. ಬೀಗದ ಕೈ ಆಡಿಸಿ ಸೊಪ್ಪು ಬಿಡಿಸುವುದು. ಆಮೇಲೆ ಹೊರಗೆ ಹೋಗಿ ಹತ್ತು ಸೆಕೆಂಡಿಗೆ ವಾಪಸ್, ಅರಚುವ ಮುಂಚೆ. ಅರ್ಧ ನಿಮಿಷ. ಎರಡು ನಿಮಿಷ. ಮತ್ತೆ ಇಪ್ಪತ್ತು ಸೆಕೆಂಡ್. ಪ್ರತಿ ಸಲವೂ ಹೊತ್ತು ಏರಿಸುತ್ತಲೇ ಹೋದರೆ ಅದಕ್ಕೂ ಗೊತ್ತಾಗಿಬಿಡುತ್ತೆ, ಅದಕ್ಕೇ ಹಿಂದೆ ಮುಂದೆ. ಹೆಲ್ಮೆಟ್ ಹಾಕಿಕೊಂಡು ಸೊಪ್ಪು ಬಿಡಿಸುವಾಗ ಹಾಲಿನವನು ಬಂದು ನೋಡಿ ಏನೂ ಕೇಳದೆ ಹೋದ.

ಹೊರಡುವಾಗ ಮುದ್ದು ಮಾಡಿ ಟಾಟಾ ಹೇಳುವುದನ್ನೂ ನಿಲ್ಲಿಸಿದೆವು. ಬಂದಾಗಲೂ ಹಾಗೇ. ಗಾಡಿ ಸದ್ದಿಗೆ ಅರಚಿದರೆ ನಾನು ಬಾಗಿಲ ಹೊರಗೇ ನಿಲ್ಲುತ್ತೇನೆ. ಮೂರು ಸೆಕೆಂಡ್ ಸುಮ್ಮನಾದರೆ ಒಳಗೆ.

ಮೂರನೆಯದು, 8:10ಕ್ಕೆ ಕೈತುಂಬ ಕೆಲಸ ಕೊಡುವುದು. ಕೈಯಲ್ಲ, ಕೊಕ್ಕು ತುಂಬ. ಬಟ್ಟಲಲ್ಲಿ ಕಾಳು ಹಾಕಿಟ್ಟರೆ ಹತ್ತು ನಿಮಿಷಕ್ಕೆ ಮುಗಿಯುತ್ತೆ. ಕಾಡಿನಲ್ಲಿ ಹೊಟ್ಟೆಪಾಡಿಗೇ ದಿನದ ದೊಡ್ಡ ಪಾಲು ಹೋಗುತ್ತೆ. ಆ ಪುರುಸೊತ್ತೆಲ್ಲ ಇಲ್ಲಿ ಗಂಟಲಿಗೆ ಬರುತ್ತೆ. ಅಂಗಡಿಯವರು ಮಿಲೆಟ್ ಸ್ಪ್ರೇ ಅಂತ ಪ್ಯಾಕೆಟ್‌ನಲ್ಲಿ ದುಬಾರಿಗೆ ಮಾರುವುದು ಬೇರೇನೂ ಅಲ್ಲ, ನವಣೆ ತೆನೆ. ಪಾವಗಡ, ಮಧುಗಿರಿ ಕಡೆ ಗೊತ್ತಿರುವವರಿದ್ದರೆ ಔಷಧಿ ಹೊಡೆಯದ ತೆನೆ ಒಂದು ಕಟ್ಟು ತರಿಸಿ ಒಣಗಿಸಿಟ್ಟುಕೊಳ್ಳಿ. ನಾನು ತೆನೆಯ ಚೂರನ್ನು ಅಡಿಕೆ ಹಾಳೆ ತಟ್ಟೆಯ ತುಂಡಿನಲ್ಲಿ ಸುತ್ತಿ, ತೆಂಗಿನ ಚಿಪ್ಪಿನೊಳಗೆ ಗಟ್ಟಿಯಾಗಿ ತುರುಕಿ ಪಂಜರಕ್ಕೆ ಕಟ್ಟುತ್ತೇನೆ. ಹಾಳೆ ಸಿಗಿಯೋದರಲ್ಲೇ ಅರ್ಧ ಗಂಟೆ. ಚಿಪ್ಪಿನ ನಾರು ಮಾತ್ರ ಪೂರ್ತಿ ಕೆರೆದು ತೆಗೆಯಿರಿ, ಉದ್ದ ನಾರು ಕಾಲಿಗೆ ಸುತ್ತಿಕೊಳ್ಳುತ್ತೆ. ಮೊದಲ ದಿನವೇ ಗಟ್ಟಿ ಕಟ್ಟಬೇಡಿ. ತೆನೆ ಅರ್ಧ ಹೊರಗೆ ಕಾಣಲಿ, ಕಲಿತ ಹಾಗೆ ಕಷ್ಟ ಮಾಡಿ.

ಹನ್ನೊಂದರ ಕೂಗು

ಇದು ಚಿಕ್ಕದು, ಚೂಪು. ಮೈಯ ಪುಕ್ಕವೆಲ್ಲ ಅಂಟಿಕೊಂಡು ಹಕ್ಕಿ ಅರ್ಧ ಸಣ್ಣಗಾಗುತ್ತೆ. ಒಂದು ಕಣ್ಣು ಮೇಲಕ್ಕೆ. ಆಮೇಲೆ ಕಲ್ಲಿನ ಹಾಗೆ ನಿಂತುಬಿಡುತ್ತೆ. ವಿಡಿಯೊದಲ್ಲಿ ನೆಲದ ಮೇಲೆ ಒಂದು ನೆರಳು ಸರ್ರನೆ ಹೋದದ್ದನ್ನು ನಾಲ್ಕನೆಯ ಸಲ ನೋಡಿದಾಗ ಕಂಡೆ. ಹದ್ದು. ನಮ್ಮ ರಸ್ತೆ ತುದಿಯಲ್ಲಿ ಕೋಳಿ ಅಂಗಡಿ ಇದೆ. ಆ ಹೊತ್ತಿಗೆ ಹಿಂದಿನ ಖಾಲಿ ಸೈಟಿಗೆ ಕಸ ಎಸೆಯುತ್ತಾರೆ. ಹದ್ದುಗಳು ನಮ್ಮ ತಾರಸಿ ಮೇಲೆ ಸುತ್ತು ಹಾಕುತ್ತವೆ. ಗಾಳಿ ಬೆಳಕು ಚೆನ್ನಾಗಿರಲಿ ಅಂತ ನಾವು ಪಂಜರವನ್ನು ಕಿಟಕಿಗೆ ಒರಗಿಸಿ ಇಟ್ಟಿದ್ದೆವು, ನಾಲ್ಕೂ ಕಡೆ ಬಯಲು. ಅದನ್ನು ಒಳಗೋಡೆಗೆ ಸರಿಸಿ, ಹಿಂಬದಿ ಮತ್ತು ಒಂದು ಪಕ್ಕ ಬಟ್ಟೆ ಕಟ್ಟಿದೆವು, ಬಚ್ಚಿಟ್ಟುಕೊಳ್ಳಲು ಒಂದು ಮೂಲೆ ಸಿಗಲಿ ಅಂತ. ಅದೇ ದಿನ ನಿಂತಿತು.

ನಿಮ್ಮಲ್ಲಿ ಹದ್ದಿನ ಬದಲು ಕೋತಿ ಇರಬಹುದು, ಬೆಕ್ಕು ಇರಬಹುದು. ಹೆದರಿದ ಕೂಗನ್ನು ಮಾತ್ರ ಕಡೆಗಣಿಸಬಾರದು. ಅಲ್ಲಿ ಸುಮ್ಮನಿರಿಸುವ ಪಾಠ ನಡೆಯಲ್ಲ.

3:40ರ ಕೂಗು

ದಿನಾ ಕರಾರುವಾಕ್ಕಾಗಿ 3:40. ನನಗೆ ಸುಳಿವು ಸಿಕ್ಕಿದ್ದು ಒಂದು ಶನಿವಾರ. ನಾನು ಪಕ್ಕದಲ್ಲೇ ಕೂತಿದ್ದರೂ ಹನ್ನೆರಡೂವರೆಗೆ ಅದೇ ರಾಗದಲ್ಲಿ ಅರಚಿತು. ಅಂದರೆ ಇದು ಒಂಟಿತನದ ಕೂಗೇ ಅಲ್ಲ! ಶನಿವಾರ ಸ್ಕೂಲು ಅರ್ಧ ದಿನ ಅಲ್ವಾ. ಹೊರಗೆ ಬಗ್ಗಿ ನೋಡಿದರೆ ಅಜ್ಜಿಯ ಮೊಮ್ಮಗ, ಸ್ಕೂಲ್ ಬ್ಯಾಗ್ ಬೆನ್ನಲ್ಲೇ ಇದೆ, ಕಿಟಕಿ ಸರಳು ಹಿಡಿದು "ಒಬ್ಬಟ್ಟೂ ಕ್ಯಾಂಯ್" ಅಂತ ಕಿರುಚುತ್ತಿದ್ದಾನೆ. ಇದು ತಿರುಗಿ ಕಿರುಚುತ್ತೆ. ಅವನಿಗೆ ನಗು. ಕಿರುಚಾಟ ಒಂದು ಮಟ್ಟಕ್ಕೆ ಬಂದ ಮೇಲೆ ಜೇಬಿನಿಂದ ಕಡಲೆಕಾಯಿ. ಪಂಜರ ಆಗ ಕಿಟಕಿ ಪಕ್ಕದಲ್ಲೇ ಇತ್ತಲ್ಲ, ಕೈಗೆ ಎಟುಕುತ್ತಿತ್ತು.

ದೂರು ಕೊಟ್ಟ ಮನೆಯಿಂದಲೇ ಸಂಬಳ ಸಿಗುತ್ತಿತ್ತು ನಮ್ಮ ಹಕ್ಕಿಗೆ.

ಹುಡುಗನಿಗೆ "ಬರಬೇಡ" ಅನ್ನಲು ಮನಸ್ಸಾಗಲಿಲ್ಲ. ಮೊದಲ ವಾರ ಅವನು ಉತ್ತರ ಕೊಡಬಾರದು ಅಂತಷ್ಟೇ ಹೇಳಿದೆವು. ಇಲ್ಲೇ ಎಲ್ಲರೂ ಸೋಲುವುದು. ಕೂಗಿಗೆ ಸಿಗುತ್ತಿದ್ದದ್ದು ನಿಂತರೆ ಕೂಗು ಮೊದಲು ಜಾಸ್ತಿ ಆಗುತ್ತೆ. ನೀವೂ ಯಾರ ಮನೆ ಕಾಲಿಂಗ್ ಬೆಲ್ಲಾದರೂ ಒತ್ತಿ ಬಾಗಿಲು ತೆಗೆಯದಿದ್ದರೆ ಕೂಡಲೇ ವಾಪಸ್ ಬರುತ್ತೀರಾ? ಇನ್ನೂ ನಾಲ್ಕು ಸಲ ಒತ್ತುತ್ತೀರಿ. ಮೂರನೆಯ ದಿನ, ನಾಲ್ಕನೆಯ ದಿನ ಒಬ್ಬಟ್ಟು ಬೀದಿ ಕೊನೆಗೆ ಕೇಳುವಂತೆ ಅರಚಿತು. ಆ ಹೊತ್ತಿನಲ್ಲಿ ಒಬ್ಬರು ಸೋತು ಒಂದು ಕಡಲೆಕಾಯಿ ಕೊಟ್ಟರೆ "ಇಷ್ಟು ಜೋರಾಗಿ ಕಿರುಚಿದರೆ ಸಿಗುತ್ತೆ" ಅಂತ ಹೊಸ ಪಾಠ ಆಗುತ್ತೆ. ಅಪರೂಪಕ್ಕೆ ಸಿಕ್ಕಿದರಂತೂ ಚಟ ಇನ್ನೂ ಗಟ್ಟಿ. ಅಕ್ಕಪಕ್ಕದವರಿಗೆ ಮುಂಚೆಯೇ ಹೇಳಿಡಿ, ಒಂದು ವಾರ ಜೋರಾಗುತ್ತೆ, ದಯವಿಟ್ಟು ತಡೆದುಕೊಳ್ಳಿ ಅಂತ. ನಾವು ಹೇಳಿರಲಿಲ್ಲ. ಅಜ್ಜಿ ಮತ್ತೆ ಕೆಳಗೆ ಬಂದರು.

ಎರಡನೆಯ ವಾರದಿಂದ ಹುಡುಗನಿಗೆ ಹೊಸ ನಿಯಮ. ಹಕ್ಕಿ ಶಿಳ್ಳೆ ಹೊಡೆದರೆ ಮಾತ್ರ ಕಡಲೆಕಾಯಿ, ಅದೂ ಹುರಿದದ್ದು, ಉಪ್ಪಿಲ್ಲದ್ದು. ಬೂಸ್ಟು ಹಿಡಿದದ್ದು ಹಕ್ಕಿಗೆ ವಿಷ. ಅವನು ನಮಗಿಂತ ಕಟ್ಟುನಿಟ್ಟು.

ಸಂಜೆಯದ್ದು, ಮತ್ತೆ ರಾತ್ರಿಯದ್ದು

ನಾಲ್ಕನೆಯ ಕೂಗು ಮುಸ್ಸಂಜೆಗೆ. ಆ ಹೊತ್ತಿಗೆ ಊರ ಹೊರಗಿನ ತೆಂಗಿನ ತೋಟಗಳ ಕಡೆಗೆ ಹಸಿರು ಗಿಳಿಗಳ ಹಿಂಡು ಕೂಗುತ್ತಾ ಹೋಗುತ್ತವೆ, ರಾತ್ರಿ ಒಂದೇ ಕಡೆ ಸೇರಲು. ಇದೂ ಅವಕ್ಕೆ ಉತ್ತರ ಕೊಡುತ್ತೆ. ಹೊತ್ತು ಹುಟ್ಟುವಾಗ, ಮುಳುಗುವಾಗ ಗಿಳಿ ಕೂಗುವುದು ಗಿಳಿಯ ಗುಣ. ಹತ್ತು ಹದಿನೈದು ನಿಮಿಷದಲ್ಲಿ ತಾನೇ ನಿಲ್ಲುತ್ತೆ. ಅದನ್ನೂ ನಿಲ್ಲಿಸಬೇಕು ಅನ್ನುವವರು ಮೀನು ಸಾಕಲಿ.

ನಿದ್ದೆಯ ವಿಷಯ ನೋಟ್‌ಬುಕ್ಕಿನಲ್ಲಿ ಇರಲೇ ಇಲ್ಲ, ಯಾಕೆಂದರೆ ಆ ಹೊತ್ತಿನಲ್ಲಿ ಹಕ್ಕಿ ಕಿರುಚುತ್ತಿರಲಿಲ್ಲ. ಗಿಳಿಗಳಿಗೆ ರಾತ್ರಿ ಹತ್ತರಿಂದ ಹನ್ನೆರಡು ಗಂಟೆ ಕತ್ತಲು ಬೇಕು. ನಮ್ಮ ಹಾಲ್‌ನಲ್ಲಿ ಟೀವಿ ಹನ್ನೊಂದರವರೆಗೆ, ನನ್ನ ಅಲಾರಂ ಐದಕ್ಕೆ. ಆರು ಗಂಟೆ ನಿದ್ದೆಯ ಮಗು ಹೇಗಿರುತ್ತೆ? ಈಗ ಎಂಟೂಕಾಲಿಗೆ ಸಣ್ಣ ಪಂಜರದಲ್ಲಿ ಒಳ ರೂಮಿಗೆ ಹೋಗುತ್ತೆ, ಬೆಳಗ್ಗೆ ಆರೂವರೆಗೆ ನಮ್ಮ ಮನೆಯವರು ಹೊರಗೆ ತರುತ್ತಾರೆ. ಇದರಿಂದ ವಾರದ ದಿನ ನನಗೆ ಅದು ಸಿಗುವುದೇ ಕಾಲು ಗಂಟೆ. ಬೇಜಾರೇ. ಆದರೆ 8:16ರ ಕೂಗು 38 ನಿಮಿಷದಿಂದ 20ಕ್ಕೆ ಇಳಿದದ್ದು ನಿದ್ದೆ ಸರಿಮಾಡಿದ ವಾರದಲ್ಲೇ. ಇನ್ನೊಂದು, ಎರಡು ವರ್ಷ ದಾಟಿದ ಹಕ್ಕಿಗೆ ಬೆನ್ನು ಸವರಬೇಡಿ, ನುಗ್ಗಿ ಕೂರುವಂತಹ ರಟ್ಟಿನ ಡಬ್ಬ ಕೊಡಬೇಡಿ. ಗೂಡು ಕಟ್ಟುವ ಹುಮ್ಮಸ್ಸು ಬಂದರೆ ಅದೂ ಕಿರುಚಾಟಕ್ಕೆ ದಾರಿ. ತಲೆ, ಕತ್ತು ಕೆರೆದರೆ ಸಾಕು.

ಜೊತೆಗೆ ಇನ್ನೊಂದು ಹಕ್ಕಿ ತನ್ನಿ ಅಂತ ಬಹಳ ಜನ ಹೇಳಿದರು. ತಂದರೆ ಕನಿಷ್ಠ ಒಂದು ತಿಂಗಳು ಬೇರೆ ರೂಮಿನಲ್ಲಿಟ್ಟು ಕಾಯಿಲೆ ಇಲ್ಲ ಅಂತ ನೋಡಬೇಕು. ಒಂದಕ್ಕೊಂದು ಹೊಂದಿಕೊಳ್ಳದಿದ್ದರೆ ಎರಡು ಪಂಜರ, ಎರಡು ಗಂಟಲು. ಕಾರಣ ತಿಳಿಯದೆ ತಂದರೆ ಎರಡನೆಯದು ಮೊದಲನೆಯದರಿಂದ ಕಿರುಚುವುದನ್ನೇ ಕಲಿಯುತ್ತೆ.

ಉಳಿದದ್ದು ಹತ್ತು ಗಂಟೆಯ ಒಂಟಿತನ. ಅದಕ್ಕೆ ಆಟಿಕೆಯಿಂದ ಪರಿಹಾರ ಇಲ್ಲ. ಮನುಷ್ಯರೇ ಬೇಕು. ನಾಚಿಕೆ ಬಿಟ್ಟು ಅಜ್ಜಿಯನ್ನೇ ಕೇಳಿದೆ, ಮಧ್ಯಾಹ್ನ ಒಂದು ಸಲ ಬಂದು ನೀರು ಬದಲಾಯಿಸಿ ಸ್ವಲ್ಪ ಹೊತ್ತು ಕೂರ್ತೀರಾ ಅಂತ. ಬೀಗದ ಕೈ ಕೊಟ್ಟೆ. ಎರಡು ಮಾತು ಹೇಳಿದೆ. ಸಾಂಬ್ರಾಣಿ, ಸೊಳ್ಳೆ ಬತ್ತಿ ಹಚ್ಚಬೇಡಿ, ಹಕ್ಕಿಯ ಶ್ವಾಸಕೋಶ ಹೊಗೆ ತಡೆಯಲ್ಲ. ನಾನ್‌ಸ್ಟಿಕ್ ಪಾತ್ರೆಯಂತೂ ಒಲೆ ಮೇಲೆ ಇಡಲೇಬೇಡಿ, ಅದು ಕಾದು ಹೊಗೆ ಬಂದರೆ ನಿಮಿಷಗಳಲ್ಲಿ ಸಾಯುತ್ತೆ. ಮತ್ತೆ, ಅರಚುತ್ತಿರುವಾಗ ಬಾಗಿಲು ತೆಗೆಯಬೇಡಿ.

ರೆಕಾರ್ಡಿಂಗ್‌ನಲ್ಲಿ ಈಗ ಒಂದು ಗಂಟೆಗೆ ಮೆಟ್ಟಿಲ ಮೇಲೆ ಚಪ್ಪಲಿ ಸದ್ದು. ಒಬ್ಬಟ್ಟು ಅರಚುತ್ತೆ. ಬಾಗಿಲ ಆಚೆಯಿಂದ ಅಜ್ಜಿಯ ದನಿ, "ಒಂದು... ಎರಡು... ಊಹೂಂ, ಮೊದ್ಲಿಂದ. ಒಂದು... ಎರಡು..." ಮೂರಕ್ಕೆ ಶಿಳ್ಳೆ ಬರುತ್ತೆ. ಬೀಗ ತಿರುಗುತ್ತೆ.